ಹಾರುತ್ತಿರುವ ವಿಮಾನವನ್ನೇ ಕೊಳ್ಳಿ

(ಹವ್ಯಾಸಿ ಪೈಲಟ್‌ಗಳ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಟದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೈಲಟ್ ಲೈಸೆನ್ಸ್ ಕೈಗೆ ಬಂದ ಮರುವಾರದಿಂದಲೇ ಒಂದು ಕಾಯಿಲೆ ಶುರುವಾಗುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಮಾರಾಟಕ್ಕಿರುವ ವಿಮಾನಗಳ ಜಾಹೀರಾತು ನೋಡುತ್ತಾ ಕೂರುವ ಕಾಯಿಲೆ. ನನಗೂ ಬಂದಿತ್ತು, ಎರಡು ವರ್ಷ ಬಿಡಲಿಲ್ಲ. ಇಲ್ಲಿ ಕುಳಿತಿರುವ ಕೆಲವರ ಕಣ್ಣಿನ ಕೆಳಗಿನ ಕಪ್ಪು ನೋಡಿದರೆ ಕಾಯಿಲೆ ಇನ್ನೂ ಊರು ಬಿಟ್ಟಿಲ್ಲ ಎನ್ನಿಸುತ್ತದೆ.

ಇಂಥವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಎಷ್ಟಕ್ಕೆ ಸಿಗುತ್ತದೆ?" ನಾನು ಉತ್ತರ ಕೊಡುವುದಿಲ್ಲ. ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕಳೆದ ವರ್ಷ ಎಷ್ಟು ಗಂಟೆ ಹಾರಿದಿರಿ? ಪಕ್ಕದ ಸೀಟಿನಲ್ಲಿ ಯಾರು ಕುಳಿತಿದ್ದರು? ಮನಸ್ಸಿನಿಂದ ಹೇಳಬೇಡಿ, ನಿಮ್ಮ ಲಾಗ್‌ಬುಕ್ ತೆರೆದು ಎಣಿಸಿ ಹೇಳಿ ಎನ್ನುತ್ತೇನೆ. ನಾನು ಎಣಿಸಿದಾಗ ನನಗೇ ಮುಖಭಂಗವಾಗಿತ್ತು. ನಾಲ್ಕು ಸೀಟಿನ ವಿಮಾನವೇ ಬೇಕು, ಹೆಂಡತಿ ಮಕ್ಕಳೊಡನೆ ದೂರದ ಪ್ರಯಾಣ ಮಾಡಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಪುಸ್ತಕದಲ್ಲಿ ಇದ್ದದ್ದೇ ಬೇರೆ. ಇಡೀ ವರ್ಷದಲ್ಲಿ ನಾಲ್ಕೂ ಸೀಟು ತುಂಬಿದ್ದು ಎರಡೇ ಸಲ. ಅರ್ಧಕ್ಕಿಂತ ಹೆಚ್ಚು ಹಾರಾಟಗಳಲ್ಲಿ ಪಕ್ಕದ ಸೀಟಿನಲ್ಲಿ ನಕ್ಷೆ ಮತ್ತು ನೀರಿನ ಬಾಟಲಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹಾರಾಟದ ಉದ್ದವೋ, ಬಹುಪಾಲು ಒಂದು ಗಂಟೆ. ಮೇಲೆ ಹೋಗುವುದು, ಕೆರೆಯ ಸುತ್ತ ಒಂದು ಸುತ್ತು, ನಾಲ್ಕು ಲ್ಯಾಂಡಿಂಗ್, ಮನೆ. ಹತ್ತರಲ್ಲಿ ಒಂಬತ್ತು ದಿನ ಮಾಡುವ ಕೆಲಸಕ್ಕೆ ತಕ್ಕ ವಿಮಾನ ಕೊಂಡು, ಉಳಿದ ಒಂದು ದಿನಕ್ಕೆ ಬಾಡಿಗೆ ವಿಮಾನ ತೆಗೆದುಕೊಳ್ಳಿ. ಆ ಒಂದು ದಿನಕ್ಕಾಗಿ ವರ್ಷವಿಡೀ ಎರಡು ಖಾಲಿ ಸೀಟುಗಳಿಗೆ ಪೆಟ್ರೋಲ್ ಕುಡಿಸುವುದು ಸಲ್ಲದು.

ಇನ್ನು ಹಣದ ಮಾತು. ಅಂಕಿಗಳು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಯಾವ ನಾಣ್ಯದಲ್ಲೂ ಹೇಳುವುದಿಲ್ಲ. ಬಾಡಿಗೆಯ ಒಂದು ಗಂಟೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ವಿಮಾನದ ಖರ್ಚು ಎರಡು ಬಗೆಯದು. ಮೊದಲನೆಯದು ನೀವು ಹಾರಿದರೂ ಹಾರದಿದ್ದರೂ ಬರುವುದು: ನಿಲುಗಡೆ ಅಥವಾ ಹ್ಯಾಂಗರ್, ವಿಮೆ, ವಾರ್ಷಿಕ ತಪಾಸಣೆ. ಎರಡನೆಯದು ಹಾರಿದಷ್ಟೂ ಏರುವುದು: ಇಂಧನ, ಆಯಿಲ್, ಟೈರು, ಜೊತೆಗೆ ಎಂಜಿನ್ನಿಗೆ ಎತ್ತಿಡುವ ಹಣ. ಈ ಎತ್ತಿಡುವ ಹಣವನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಂಟಿನೆಂಟಲ್ ಓ-200 ಎಂಜಿನ್ನಿಗೆ ತಯಾರಕರು ಹೇಳುವ ಓವರ್‌ಹಾಲ್ ಅವಧಿ, ಅಂದರೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಸವೆದದ್ದನ್ನು ಬದಲಿಸಬೇಕಾದ ಅವಧಿ, 1,800 ಗಂಟೆ, ಲೈಕಮಿಂಗ್ ಓ-320ಕ್ಕೆ 2,000 ಗಂಟೆ. ಓವರ್‌ಹಾಲಿನ ವೆಚ್ಚವನ್ನು ಈ ಗಂಟೆಗಳಿಂದ ಭಾಗಿಸಿದರೆ ಬರುವ ಮೊತ್ತವನ್ನು ಪ್ರತಿ ಗಂಟೆಯ ಹಾರಾಟಕ್ಕೂ ಪಕ್ಕಕ್ಕಿಡಬೇಕು.

ಒಂದು ಉದಾಹರಣೆ ನೋಡಿ. ಹಾರಿದಷ್ಟೂ ಏರುವ ಖರ್ಚು ಗಂಟೆಗೆ ಬಾಡಿಗೆಯ ಅರ್ಧದಷ್ಟು ಎಂದುಕೊಳ್ಳೋಣ. ವರ್ಷದ ಸ್ಥಿರ ಖರ್ಚು ನಲವತ್ತು ಗಂಟೆಯ ಬಾಡಿಗೆಗೆ ಸಮ ಎಂದುಕೊಳ್ಳೋಣ. ಸ್ವಂತ ವಿಮಾನದಲ್ಲಿ ಹಾರಿದ ಪ್ರತಿ ಗಂಟೆಗೆ ಅರ್ಧ ಬಾಡಿಗೆ ಉಳಿಯುತ್ತದೆ. ಹಾಗಾದರೆ ನಲವತ್ತು ಬಾಡಿಗೆ ಉಳಿಸಲು ಎಂಬತ್ತು ಗಂಟೆ ಹಾರಬೇಕು. ಹಾಕಿದ ಬಂಡವಾಳವನ್ನು ನಾನಿನ್ನೂ ಮುಟ್ಟಿಲ್ಲ. ವರ್ಷಕ್ಕೆ ಎಂಬತ್ತು ಗಂಟೆ ಹಾರುವವರು ಕೈ ಎತ್ತಿ. (ಮೂರು ಕೈ ಎದ್ದವು. ಅವರಲ್ಲಿ ಒಬ್ಬರು ತರಬೇತುದಾರರು, ಅವರನ್ನು ಬಿಟ್ಟುಬಿಡೋಣ.) ಮೂವರು ಸೇರಿ ಕೊಂಡರೆ ಇದೇ ಲೆಕ್ಕ ತಲೆಗೆ ಇಪ್ಪತ್ತೇಳು ಗಂಟೆಗೆ ಇಳಿಯುತ್ತದೆ. ವಾರಾಂತ್ಯದಲ್ಲಿ ಹಾರುವ ಯಾರಿಗಾದರೂ ಇದು ಎಟುಕುತ್ತದೆ. ಪಾಲುದಾರಿಕೆಯ ಮಾತಿಗೆ ಆಮೇಲೆ ಬರುತ್ತೇನೆ. ಒಬ್ಬರೇ ಕೊಳ್ಳುವುದಾದರೆ ಹಣ ಉಳಿಸಲು ಕೊಳ್ಳುತ್ತಿದ್ದೇನೆ ಎಂದು ಮಾತ್ರ ಮನೆಯಲ್ಲಿ ಹೇಳಬೇಡಿ. ಬೆಳಿಗ್ಗೆ ಆರಕ್ಕೆ ಯಾರನ್ನೂ ಕೇಳದೆ ಹಾರಬೇಕು, ಅದಕ್ಕೆ ಕೊಳ್ಳುತ್ತಿದ್ದೇನೆ ಎನ್ನಿ. ಅದು ನಿಜ, ಅದು ಸಾಕು ಕೂಡ.

ಈಗ ಯಾವ ವಿಮಾನ ಎನ್ನುವುದಕ್ಕೆ ಬರೋಣ.

ಎರಡು ಸೀಟಿನ ಸೆಸ್ನಾ 150 ಮತ್ತು ಅದರ ತಮ್ಮ 152. ಇವುಗಳ ಬಗ್ಗೆ ಮಾತು ಉದ್ದವಾಗುತ್ತದೆ, ಸಹಿಸಿಕೊಳ್ಳಿ. 150 ತಯಾರಾದದ್ದು 1958ರಿಂದ 1977ರವರೆಗೆ, ಸುಮಾರು 24,000. ಆಮೇಲೆ ಬಂದ 152 ನಿಂತದ್ದು 1985ರಲ್ಲಿ. ಅಂದರೆ ಅತಿ ಹೊಸದು ಎನ್ನುವುದಕ್ಕೂ ನಲವತ್ತು ವರ್ಷದ ಪ್ರಾಯ. ಹೆದರಬೇಡಿ. ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನದ ಬಿಡಿಭಾಗ ಸಿಗುತ್ತದೆ, ಅದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಿಗುತ್ತಾರೆ, ಮಾರಲು ಹೊರಟಾಗ ಕೊಳ್ಳುವವರೂ ಸಿಗುತ್ತಾರೆ. ಅಪರೂಪದ ವಿಮಾನ ಅಗ್ಗಕ್ಕೆ ಸಿಕ್ಕಿತು ಎಂದು ಬೀಗುವವರು ಒಂದು ವಿಂಡ್‌ಶೀಲ್ಡಿಗಾಗಿ ಎಂಟು ತಿಂಗಳು ಕಾದದ್ದನ್ನು ನೋಡಿದ್ದೇನೆ.

150ರಲ್ಲಿ 100 ಅಶ್ವಶಕ್ತಿಯ ಓ-200, 152ರಲ್ಲಿ 110 ಅಶ್ವಶಕ್ತಿಯ ಲೈಕಮಿಂಗ್ ಓ-235. ವೇಗ ಸುಮಾರು 100 ನಾಟ್ (ಗಂಟೆಗೆ 185 ಕಿಲೋಮೀಟರ್), ಗಂಟೆಗೆ ಕುಡಿಯುವುದು 20ರಿಂದ 23 ಲೀಟರ್. ಇಂಧನ ರೆಕ್ಕೆಯಿಂದ ತಾನಾಗಿ ಕೆಳಗಿಳಿಯುತ್ತದೆ, ಪಂಪಿನ ಹಂಗಿಲ್ಲ. ಟ್ಯಾಂಕಿನ ಕೀಲಿಗೆ ಇರುವುದು ಎರಡೇ ಸ್ಥಾನ, ತೆರೆ ಮತ್ತು ಮುಚ್ಚು. 150ರ ಫ್ಲಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಸುವ ಪಟ್ಟಿ) 40 ಡಿಗ್ರಿಯವರೆಗೆ ಇಳಿಯುತ್ತದೆ, 152ರಲ್ಲಿ 30ಕ್ಕೆ ನಿಲ್ಲಿಸಿದರು. ಪೂರ್ತಿ ಫ್ಲಾಪ್ ಇಳಿಸಿಕೊಂಡೇ ಮತ್ತೆ ಮೇಲೇರಲು ಹೊರಟರೆ 150 ಏದುಸಿರು ಬಿಡುತ್ತದೆ ಎನ್ನುವುದನ್ನು ಅದರಲ್ಲಿ ಕಲಿತ ಯಾರೂ ಮರೆಯುವುದಿಲ್ಲ.

ಇದರ ನಿಜವಾದ ತೊಡಕು ಭಾರ. ಈ ಲೆಕ್ಕವನ್ನು ನಾವು ಮೂವರು ಗೆಳೆಯರು ಸೇರಿ ಕೊಂಡ 150ರ ತೂಕದ ಹಾಳೆಯಿಂದಲೇ ಹೇಳುತ್ತೇನೆ. ಗರಿಷ್ಠ ತೂಕ 726 ಕಿಲೋ. ಖಾಲಿ ವಿಮಾನದ ತೂಕ 500 ಕಿಲೋ. ಉಳಿದದ್ದು 226. ಬಳಸಬಹುದಾದ ಇಂಧನ 85 ಲೀಟರ್, ಒಂದು ಲೀಟರಿಗೆ 0.72 ಕಿಲೋದಂತೆ 61 ಕಿಲೋ. ಮನುಷ್ಯರಿಗೆ ಮಿಕ್ಕಿದ್ದು 165 ಕಿಲೋ. ಎಂಬತ್ತೆರಡೂವರೆ ಕಿಲೋದ ಇಬ್ಬರು, ಕೈಯಲ್ಲಿ ಒಂದು ಚೀಲವೂ ಇಲ್ಲದೆ. ನಾನು ತೊಂಬತ್ತು ಕಿಲೋ ತೂಗುತ್ತೇನೆ, ನನ್ನ ಗೆಳೆಯ ತೊಂಬತ್ತೈದು. ನಾವಿಬ್ಬರೂ ಹಾರಬೇಕೆಂದರೆ ಟ್ಯಾಂಕಿನಿಂದ 20 ಕಿಲೋ, ಅಂದರೆ 28 ಲೀಟರ್ ಕಡಿಮೆ ಇರಬೇಕು. 57 ಲೀಟರಿನಲ್ಲಿ ಮೀಸಲು ಬಿಟ್ಟು ಎರಡು ಗಂಟೆ ಹಾಯಾಗಿ ಹಾರಬಹುದು. ನಮಗೆ ಅಷ್ಟು ಸಾಕು. ನಿಮಗೆ ಸಾಕಾಗದಿದ್ದರೆ ಈ ವಿಮಾನ ನಿಮ್ಮದಲ್ಲ. ಜಾಹೀರಾತಿನಲ್ಲಿ ಸೀಟಿನ ಸಂಖ್ಯೆ ನೋಡುವ ಬದಲು ಆ ವಿಮಾನದ್ದೇ ಆದ ತೂಕದ ಹಾಳೆ ಕಳಿಸಿ ಎಂದು ಕೇಳಿ. ಒಂದೇ ಮಾದರಿಯ ಎರಡು ವಿಮಾನಗಳ ಖಾಲಿ ತೂಕ ಒಂದೇ ಇರುವುದಿಲ್ಲ. ಐವತ್ತು ವರ್ಷದಲ್ಲಿ ಯಾರು ಯಾರೋ ರೇಡಿಯೊ ತುಂಬಿಸಿರುತ್ತಾರೆ, ದಪ್ಪ ಕಾರ್ಪೆಟ್ ಹಾಸಿರುತ್ತಾರೆ, ಹಳೆಯ ಬಣ್ಣದ ಮೇಲೆ ಬಣ್ಣ ಬಳಿದಿರುತ್ತಾರೆ.

ಜೊತೆಗೆ ಸೆಕೆ. ಬಿಸಿಲು ಏರಿದಂತೆ, ನೆಲದ ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರೂ ಒಟ್ಟಿಗೆ ಸೊರಗುತ್ತವೆ. ನಿಮ್ಮ ರನ್‌ವೇ ಎತ್ತರದಲ್ಲಿದ್ದು, ಗಿಡ್ಡವಾಗಿದ್ದು, ಮೇಲೆ ಹುಲ್ಲೂ ಬೆಳೆದಿದ್ದರೆ ನೂರು ಅಶ್ವಶಕ್ತಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಅಂಥವರಿಗೆ ಪೈಪರ್ ಚೆರೋಕಿ 140. 1964ರಲ್ಲಿ ಬಂದದ್ದು, 150 ಅಶ್ವಶಕ್ತಿಯ ಓ-320. ಕೆಳರೆಕ್ಕೆಯ ವಿಮಾನ, ಒಂದೇ ಬಾಗಿಲು, ಅದೂ ಬಲಕ್ಕೆ. ಹಾಗಾಗಿ ಪೈಲಟ್ ಮೊದಲು ಹತ್ತಬೇಕು, ಕೊನೆಗೆ ಇಳಿಯಬೇಕು. ಮಳೆಯಲ್ಲಿ ಇದರ ರುಚಿ ಗೊತ್ತಾಗುತ್ತದೆ. ಹೆಸರಿಗೆ ನಾಲ್ಕು ಸೀಟು ಹಾಕಿದರೂ ಇದನ್ನು ಉದಾರವಾದ ಎರಡು ಸೀಟಿನ ವಿಮಾನ ಎಂದೇ ತಿಳಿಯಿರಿ. ಇಬ್ಬರು ದಪ್ಪನೆಯವರು, ಸಾಮಾನು, ಇಂಧನ, ಎಲ್ಲಕ್ಕೂ ಜಾಗ. ಒಂದು ಎಚ್ಚರ: ಇಲ್ಲಿ ಎಡ ಟ್ಯಾಂಕ್ ಇಲ್ಲವೇ ಬಲ ಟ್ಯಾಂಕ್, ಎರಡೂ ಒಟ್ಟಿಗೆ ಎನ್ನುವ ಸ್ಥಾನವೇ ಇಲ್ಲ. ಬದಲಿಸಲು ಮರೆತು, ಒಂದು ರೆಕ್ಕೆಯಲ್ಲಿ ತುಂಬು ಇಂಧನ ಇಟ್ಟುಕೊಂಡೇ ಹೊಲದಲ್ಲಿ ಇಳಿದವರಿದ್ದಾರೆ. ಇನ್ನೊಂದು ವಿಷಯ ರೆಕ್ಕೆಯ ಮುಖ್ಯ ಸ್ಪಾರ್, ಅಂದರೆ ರೆಕ್ಕೆಯ ಭಾರ ಹೊರುವ ತೊಲೆ. 2018ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇದೇ ಕುಟುಂಬದ ತರಬೇತಿ ವಿಮಾನವೊಂದರ ರೆಕ್ಕೆ ಹಾರಾಟದಲ್ಲೇ ಕಳಚಿತು. ಸ್ಪಾರಿನ ಬೋಲ್ಟ್ ತೂತಿನಿಂದ ಹೊರಟ ಬಿರುಕು ಕಾರಣ. ಆ ಬಳಿಕ ಹೆಚ್ಚು ದುಡಿದ ವಿಮಾನಗಳಲ್ಲಿ ಆ ತೂತುಗಳನ್ನು ವಿದ್ಯುತ್ತಿನಿಂದ ಬಿರುಕು ಪತ್ತೆಹಚ್ಚುವ ಎಡ್ಡಿ ಕರೆಂಟ್ ವಿಧಾನದಿಂದ ಪರೀಕ್ಷಿಸಬೇಕೆಂಬ ಆದೇಶ ಬಂತು. ಚೆರೋಕಿ ನೋಡಲು ಹೋದರೆ ಆ ಆದೇಶ ಈ ವಿಮಾನಕ್ಕೆ ಅನ್ವಯಿಸುತ್ತದೆಯೇ, ಪರೀಕ್ಷೆ ಆಗಿದೆಯೇ, ಕಾಗದ ಎಲ್ಲಿ ಎಂದು ಕೇಳಿ.

ಸೆಸ್ನಾ 172 ಬಗ್ಗೆ ನಾನು ಹೇಳಬೇಕಾದ್ದು ಹೆಚ್ಚಿಲ್ಲ. 1956ರಿಂದ 44,000ಕ್ಕೂ ಹೆಚ್ಚು ತಯಾರಾಗಿವೆ, ಜಗತ್ತಿನಲ್ಲಿ ಬೇರಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಎಲ್ಲರಿಗೂ ಅದೇ ಬೇಕು, ಅದಕ್ಕೇ ಬೆಲೆ ಇಳಿಯುವುದಿಲ್ಲ. 1977ರಿಂದ 1980ರವರೆಗಿನ 172ಎನ್ ಮಾದರಿ ಕಣ್ಣಿಗೆ ಬಿದ್ದರೆ ಎಂಜಿನ್ ಹೆಸರು ಓದಿ. ಅದರಲ್ಲಿ ಬಂದ ಓ-320-ಎಚ್2ಎಡಿ ಎಂಜಿನ್ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಸವೆತಕ್ಕೆ ಹೆಸರಾದದ್ದು. ನಂತರದ ಸುಧಾರಣೆಗಳಿಂದ ಬಹಳಷ್ಟು ಸರಿಹೋಯಿತು. ಆದರೂ ಕೇಳುವುದರಲ್ಲಿ ತಪ್ಪಿಲ್ಲ.

ಹಳದಿ ಬಣ್ಣದ ಪೈಪರ್ ಜೆ-3 ಕಬ್, ಏರೊಂಕಾ ಚಾಂಪ್, ಇಂಥ ಬಟ್ಟೆ ಹೊದಿಸಿದ ಬಾಲಚಕ್ರದ ವಿಮಾನಗಳ ಮೇಲೆ ನನಗೆ ಮೋಹವಿದೆ. ಅರುವತ್ತೈದು ಅಶ್ವಶಕ್ತಿ, ತೆರೆದ ಬಾಗಿಲು, ಸಂಜೆಯ ಗಾಳಿ. ಕಬ್‌ನಲ್ಲಿ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು, ಎದುರಿಗೆ ಕಾಣುವುದು ಖಾಲಿ ಸೀಟಿನ ಬೆನ್ನು. ಬಾಲಚಕ್ರದ ವಿಮಾನದಲ್ಲಿ ಭಾರಕೇಂದ್ರ ಮುಖ್ಯ ಚಕ್ರಗಳ ಹಿಂದಿರುವುದರಿಂದ ನೆಲದ ಮೇಲೆ ಓಡುವಾಗ ಬಾಲವೇ ಮುಂದೆ ಬರಲು ಹವಣಿಸುತ್ತದೆ. ಕಲಿತರೆ ಕಾಲಿಗೆ ಬುದ್ಧಿ ಬರುತ್ತದೆ. ಕಲಿಯುವವರೆಗೆ ವಿಮೆಯವರು ದುಬಾರಿ. ಕೊಳ್ಳುವಾಗ ಬಟ್ಟೆಯ ವಯಸ್ಸು ಕೇಳಿ. ಇಡೀ ವಿಮಾನಕ್ಕೆ ಹೊಸ ಬಟ್ಟೆ ಹೊದಿಸುವುದು ಸಣ್ಣ ಕೆಲಸವಲ್ಲ. ರೆಕ್ಕೆಗೆ ಆಸರೆಯಾದ ಉಕ್ಕಿನ ಸ್ಟ್ರಟ್‌ಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗೆ ಕಾಣುವುದಿಲ್ಲ.

ಎರ್ಕೂಪ್ ಎಂಬುದೊಂದಿದೆ, ಕಾಲಿನಿಂದ ಬಾಲದ ರಡ್ಡರ್ ತಿರುಗಿಸುವ ಪೆಡಲ್ ಇಲ್ಲದೆ ಬಂದ ವಿಮಾನ. ಸ್ಟೀರಿಂಗ್ ತಿರುಗಿಸಿದರೆ ರೆಕ್ಕೆಯ ಐಲರಾನ್, ಬಾಲದ ರಡ್ಡರ್, ಮೂಗಿನ ಚಕ್ರ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ಸ್ಪಿನ್ ಆಗದಂತೆ, ಅಂದರೆ ಗಿರಕಿ ಹೊಡೆಯುತ್ತ ಕೆಳಗೆ ಬೀಳದಂತೆ ರೂಪಿಸಿದ್ದು. ಕೇಳುವುದಕ್ಕೆ ಚೆಂದ, ಪಕ್ಕಗಾಳಿಯಲ್ಲಿ ಓರೆಯಾಗಿಯೇ ನೆಲ ಮುಟ್ಟುವುದಕ್ಕೆ ಎದೆ ಗಟ್ಟಿ ಬೇಕು.

ಹೊಸ ತಲೆಮಾರಿನ ಹಗುರ ವಿಮಾನಗಳ ಬಗ್ಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಇವುಗಳಲ್ಲಿ ಬಹಳಷ್ಟಕ್ಕೆ ರೋಟಾಕ್ಸ್ 912 ಎಂಜಿನ್, 80 ಅಥವಾ 100 ಅಶ್ವಶಕ್ತಿ. ಎಂಜಿನ್ ನಿಮಿಷಕ್ಕೆ 5,800 ಸುತ್ತಿನವರೆಗೆ ತಿರುಗುತ್ತದೆ, ಗೇರ್‌ಬಾಕ್ಸ್ ಅದನ್ನು ಪ್ರೊಪೆಲ್ಲರಿಗೆ ತಕ್ಕಷ್ಟು ಇಳಿಸುತ್ತದೆ. ಕಾರಿನ ಪೆಟ್ರೋಲ್ ಕುಡಿಯುತ್ತದೆ, ಅದೂ ಮಿತವಾಗಿ. ಸೀಸ ಬೆರೆಸಿದ ವಿಮಾನ ಇಂಧನ ಸಿಗದ ಕಡೆ ಇದು ದೊಡ್ಡ ವರ. ಆದರೆ ಹಗುರ ವಿಮಾನ ಗಾಳಿಗೆ ಎಲೆಯಂತೆ ಕುಣಿಯುತ್ತದೆ, ಅದಕ್ಕೆ ಯಾವ ಲೈಸೆನ್ಸ್ ಬೇಕು, ಎಷ್ಟು ತೂಕದವರೆಗೆ ಎನ್ನುವುದು ದೇಶಕ್ಕೊಂದು ಬಗೆ. ನಿಮ್ಮ ದೇಶದ ನಿಯಮ ಓದಿಕೊಂಡೇ ಮುಂಗಡ ಕೊಡಿ. ಚಕ್ರ ಮಡಿಚುವ ವಿಮಾನ, ಎರಡು ಎಂಜಿನ್ನಿನ ವಿಮಾನ: ಮೊದಲ ವಿಮಾನವಾಗಿ ಎರಡೂ ಬೇಡ. ಮುಂದೆ ಹೋಗೋಣ.

ನಾನು ಇವತ್ತು ಇಲ್ಲಿಗೆ ಬಂದದ್ದು ಮುಖ್ಯವಾಗಿ ಮುಂದಿನ ಮಾತಿಗಾಗಿ.

ಹುಡುಕಾಟದ ಮೊದಲ ವರ್ಷ ನಾನೊಂದು ನಾಲ್ಕು ಸೀಟಿನ ವಿಮಾನ ನೋಡಿದೆ. ಹೊಸ ಬಣ್ಣ, ಮದುಮಗಳಂತೆ ಹೊಳೆಯುತ್ತಿತ್ತು. ಚರ್ಮದ ಸೀಟು. ಓವರ್‌ಹಾಲ್ ಆದ ಮೇಲೆ 410 ಗಂಟೆ ಮಾತ್ರ ಓಡಿದ ಎಂಜಿನ್ ಎಂದು ಜಾಹೀರಾತಿನಲ್ಲಿ ದಪ್ಪಕ್ಷರ. ಬೆಲೆಯೂ ಹಿತವಾಗಿತ್ತು. ಹ್ಯಾಂಗರಿನಲ್ಲೇ ನಿಂತು ಹೆಂಡತಿಗೆ ಫೋಟೊ ಕಳಿಸಿದೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ವಯಸ್ಸಾದವರು. ಅವರು ವಿಮಾನದ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕುಳಿತು ಎಂಜಿನ್ ಲಾಗ್‌ಬುಕ್ ಬಿಚ್ಚಿ, ಕೊನೆಯ ಪುಟದಿಂದ ಹಿಂದಕ್ಕೆ ಓದತೊಡಗಿದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು ಮೂರು ಸಾಲುಗಳ ಮೇಲೆ ಬೆರಳಿಟ್ಟರು. ವಾರ್ಷಿಕ ತಪಾಸಣೆ, ಟ್ಯಾಕೋ (ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರು) 2,914.3. ಮುಂದಿನ ವರ್ಷದ ತಪಾಸಣೆ, 2,915.1. ಅದರ ಮುಂದಿನ ವರ್ಷ, 2,915.6.

"ವರ್ಷಕ್ಕೆ ಒಂದು ಗಂಟೆಯೂ ಓಡಿಲ್ಲ. ಈ ಎಂಜಿನ್ ವಯಸ್ಸನ್ನು ಗಂಟೆಯಲ್ಲಿ ಎಣಿಸಬೇಡಿ" ಎಂದರು.

ಏಕೆಂದು ಹೇಳುತ್ತೇನೆ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ ಉಂಗುರಗಳನ್ನು ದಾಟಿ ಆಯಿಲಿಗೆ ಸೇರುತ್ತದೆ, ಆಮ್ಲವೂ ಜೊತೆಗೂಡುತ್ತದೆ. ಚೆನ್ನಾಗಿ ಒಂದು ಗಂಟೆ ಹಾರಿದರೆ ಆಯಿಲ್ ಬಿಸಿಯೇರಿ ಆ ನೀರು ಹೊರಟುಹೋಗುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ನೀರು ಹುಟ್ಟುತ್ತದೆ, ಹೋಗುವುದಿಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಟ್ಟಿದ್ದೇನೆ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ನಿಮ್ಮ ಕಿವಿ ನಿಮಿರಬೇಕು. ಲೈಕಮಿಂಗ್ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲೆ. ನಿಂತ ಎಂಜಿನ್ನಿನಲ್ಲಿ ಆಯಿಲ್ ಕೆಳಗೆ ಜಾರಿ, ಮೊದಲು ಒಣಗುವುದು ಅದೇ. ಅದರ ಮೇಲೆ ಸಣ್ಣ ಸಣ್ಣ ತುಕ್ಕಿನ ಚುಕ್ಕಿ ಮೂಡುತ್ತವೆ. ಮತ್ತೆ ಓಡಿಸತೊಡಗಿದಾಗ ಆ ಚುಕ್ಕಿಯಿಂದ ಲೋಹ ಹಕ್ಕಳೆಯಂತೆ ಏಳುತ್ತದೆ. ಕಾಂಟಿನೆಂಟಲ್ ಎಂಜಿನ್ನಿನಲ್ಲಿ ಕ್ಯಾಮ್ ಕೆಳಗಿರುವುದರಿಂದ ಈ ಕಾಟ ಕಡಿಮೆ, ಆದರೆ ಸಿಲಿಂಡರುಗಳ ತುಕ್ಕು ಅಲ್ಲೂ ತಪ್ಪಿದ್ದಲ್ಲ.

ಒಂದು ಸಿಲಿಂಡರ್ ತೆಗೆದರೆ ಕ್ಯಾಮ್ ಕಣ್ಣಿಗೆ ಕಾಣುತ್ತದೆ. ವೆಚ್ಚ ನಮ್ಮದೇ ಎಂದು ಮೆಕ್ಯಾನಿಕ್ ಕೇಳಿದರು. ಮಾಲೀಕರು ಒಪ್ಪಲಿಲ್ಲ. ನಾವು ನಮಸ್ಕಾರ ಹೇಳಿ ಬಂದೆವು. ದಾರಿಯುದ್ದಕ್ಕೂ ನನಗೆ ಆ ಮುದುಕರ ಮೇಲೆ ಒಳಗೊಳಗೇ ಸಿಟ್ಟು. ಆರು ತಿಂಗಳ ಬಳಿಕ ಆ ವಿಮಾನ ಕೊಂಡವರು ಪರಿಚಯದವರೇ ಎಂದು ಗೊತ್ತಾಯಿತು. ಎರಡನೆಯ ಸಲ ಆಯಿಲ್ ಬದಲಿಸುವಾಗ ಅವರ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿದಾಗ ಒಳಗೆ ಬೆಳ್ಳಿಯ ಪುಡಿ ಉದುರಿದಂತೆ ಮಿನುಗುತ್ತಿತ್ತಂತೆ. ಓವರ್‌ಹಾಲಿಗೆ ಬಂದ ಅಂದಾಜು ವಿಮಾನಕ್ಕೆ ಕೊಟ್ಟ ಬೆಲೆಯ ಮುಕ್ಕಾಲು ಪಾಲು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಳೆಯ ಸಣ್ಣ ವಿಮಾನಗಳಲ್ಲಿ ಎಂಜಿನ್ ಅಂಥ ಮೂಗುತಿ.

ನಾವು ಕೊನೆಗೆ ಕೊಂಡದ್ದು ಬಣ್ಣ ಮಾಸಿದ 150. ಓವರ್‌ಹಾಲ್ ಆದ ಮೇಲೆ 1,300 ಗಂಟೆ ಓಡಿದ ಎಂಜಿನ್. ಕೇಳಿದವರು ಮೂಗು ಮುರಿದರು. ಆದರೆ ಲಾಗ್‌ಬುಕ್ಕಿನಲ್ಲಿ ವಾರ ತಪ್ಪದೆ ಹಾರಾಟ, ಹತ್ತಾರು ಗಂಟೆಗಳಿಗೊಮ್ಮೆ ಆಯಿಲ್ ಬದಲಾವಣೆ, ಪ್ರತಿ ಸಲವೂ ಫಿಲ್ಟರ್ ಕತ್ತರಿಸಿ ನೋಡಿದ್ದಕ್ಕೆ ಸಹಿ. ಬೆಲೆ ಮಾತಾಡುವಾಗ ಉಳಿದಿರುವುದು 500 ಗಂಟೆ ಎಂದೇ ಲೆಕ್ಕ ಹಾಕಿ ಚೌಕಾಸಿ ಮಾಡಿದೆವು.

ಕೊಳ್ಳುವ ಮುನ್ನ ಮಾಡಿಸುವ ತಪಾಸಣೆಗೆ ಆ ವಿಮಾನವನ್ನು ವರ್ಷಗಳಿಂದ ನೋಡಿಕೊಂಡಿರುವ ಮೆಕ್ಯಾನಿಕ್ ಬೇಡ. ಅವರು ಸುಳ್ಳು ಹೇಳುತ್ತಾರೆಂದಲ್ಲ. ತಾವೇ ಸಹಿ ಹಾಕಿದ್ದರಲ್ಲಿ ತಾವೇ ತಪ್ಪು ಹುಡುಕುವುದು ಯಾರಿಗೂ ಕಷ್ಟ. ನಿಮ್ಮವರನ್ನು ಕರೆದೊಯ್ಯಿರಿ, ಬೇರೆ ಊರಾದರೆ ಅಲ್ಲಿಯೇ ಇನ್ನೊಬ್ಬರನ್ನು ಹಿಡಿಯಿರಿ. ಕಂಪ್ರೆಷನ್ ಪರೀಕ್ಷೆ, ಸಿಲಿಂಡರೊಳಗೆ ಬೋರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದು, ಆಯಿಲ್ ಫಿಲ್ಟರ್, ಇವು ಅವರ ಕೆಲಸ. ಆದರೆ ನೀವೇ ನೋಡಬಹುದಾದ್ದು ಬಹಳ ಇದೆ. ಸೆಸ್ನಾದಲ್ಲಿ ಮೂಗಿನ ಚಕ್ರ ಆಸರೆ ಪಡೆಯುವುದು ಎಂಜಿನ್ ಹಿಂದಿನ ಫೈರ್‌ವಾಲ್‌ನಿಂದ. ಯಾರಾದರೂ ಮೂಗಿನ ಮೇಲೆ ಬಲವಾಗಿ ಇಳಿಸಿದ್ದರೆ ಆ ತಗಡಿನಲ್ಲಿ ಸುಕ್ಕು ಇರುತ್ತದೆ. ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಸೀಟು ಹಿಂದಕ್ಕೂ ಮುಂದಕ್ಕೂ ಜಾರುವ ಹಳಿಯ ಮೇಲೆ ಕೈಯಾಡಿಸಿ. ಹಳಿಯಲ್ಲಿ ಸಾಲಾಗಿ ತೂತುಗಳಿರುತ್ತವೆ, ಸೀಟಿನ ಪಿನ್ ಅವುಗಳೊಳಗೆ ಕೂರುತ್ತದೆ. ದುಂಡಗಿರಬೇಕಾದ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಪಿನ್ ಹಿಡಿಯುವುದಿಲ್ಲ. ಮೂಗು ಮೇಲೆತ್ತಿ ನೆಲ ಬಿಡುವ ಹೊತ್ತಿಗೆ ಸರಿಯಾಗಿ ಸೀಟು ಹಿಂದಕ್ಕೆ ಜಾರಿ, ಪೈಲಟ್ ಕೈಯಲ್ಲಿದ್ದ ಸ್ಟೀರಿಂಗನ್ನೇ ಆಧಾರಕ್ಕೆ ಎಳೆದುಕೊಂಡರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಇದರ ತಪಾಸಣೆಗೆ 1987ರಿಂದಲೇ ಆದೇಶವಿದೆ. ಹೊಸ ಹಳಿಗೆ ತಗಲುವ ಹಣ ಒಂದು ಒಳ್ಳೆಯ ಹೆಡ್‌ಸೆಟ್ಟಿಗೆ ಕೊಡುವುದಕ್ಕಿಂತ ಬಹಳ ಹೆಚ್ಚಲ್ಲ, ಆದರೂ ಮುಂದೂಡುತ್ತಾರೆ.

ರಿವೆಟ್ ಸುತ್ತ ಕಪ್ಪು ಗೆರೆ ಹರಿದಿದ್ದರೆ ಅದು ಸಡಿಲವಾಗಿ ಅಲುಗಾಡುತ್ತಿದೆ ಎಂದರ್ಥ. ಬಣ್ಣ ಗುಳ್ಳೆ ಎದ್ದಿದ್ದರೆ ಅಡಿಯಲ್ಲಿ ತುಕ್ಕು. ಕಡಲ ಬದಿಯಲ್ಲಿ ಬಯಲಿಗೆ ಕಟ್ಟಿದ್ದ ವಿಮಾನವಾದರೆ ಎರಡರಷ್ಟು ಹೊತ್ತು ನೋಡಿ. ಹೊಳೆಯುವ ಗಾಜಿನ ಪರದೆಗಳ ಡ್ಯಾಶ್‌ಬೋರ್ಡಿಗೆ ಮರುಳಾಗಬೇಡಿ. ಅದನ್ನು ಹಾಕಿಸಿದವರಿಗೆ ಮಾರುವಾಗ ಪೂರ್ತಿ ಹಣ ಹಿಂದಿರುಗುವುದಿಲ್ಲ. ಬೇಕೆನಿಸಿದರೆ ಬೇರೆಯವರು ಹಾಕಿಸಿದ್ದನ್ನು ಕೊಳ್ಳಿ, ನೀವು ಹಾಕಿಸಬೇಡಿ.

ಕಾಗದಪತ್ರದಲ್ಲಿ ಒಂದು ಸಂಪುಟ ಕಾಣೆಯಾಗಿದೆ, ಪ್ರವಾಹದಲ್ಲಿ ಹೋಯಿತು ಎಂದು ಹೇಳಿದರೆ ಆ ಸಂಪುಟದಲ್ಲೇ ಅಪಘಾತ ಇತ್ತೆಂದು ಭಾವಿಸಿ ಬೆಲೆ ಕಟ್ಟಿ. ವಿಮಾನದ ಮೇಲೆ ಸಾಲ ಬಾಕಿ ಇದೆಯೇ ಎನ್ನುವುದನ್ನು ನೋಂದಣಿ ದಾಖಲೆಯಿಂದಲೇ ಖಚಿತಪಡಿಸಿಕೊಳ್ಳಿ.

ಪಾಲುದಾರಿಕೆ. ಮೂವರೂ ಸ್ನೇಹಿತರು, ಕಾಗದ ಯಾಕೆ ಎಂದು ನಾನೂ ಕೇಳಿದ್ದೆ. ಮೂವರಲ್ಲಿ ಒಬ್ಬರು ವಕೀಲರಾಗಿದ್ದುದು ನಮ್ಮ ಪುಣ್ಯ, ಅವರು ಬಿಡಲಿಲ್ಲ. ಸ್ಥಿರ ಖರ್ಚು ಸಮಪಾಲು, ಉಳಿದದ್ದು ಹಾರಿದಷ್ಟು. ಒಬ್ಬರು ಹೊರಹೋಗುವುದಾದರೆ ಬೆಲೆ ಕಟ್ಟುವವರು ಯಾರು, ಒಬ್ಬರು ತೀರಿಕೊಂಡರೆ ಅವರ ಪಾಲು ಯಾರಿಗೆ, ರೆಕ್ಕೆ ತಗಲಿಸಿದರೆ ವಿಮೆ ಕೊಡದ ಭಾಗ ಯಾರದ್ದು, ಎಲ್ಲವೂ ನಾಲ್ಕು ಪುಟದಲ್ಲಿದೆ. ಇದುವರೆಗೆ ಆ ಪುಟಗಳನ್ನು ತೆರೆಯಬೇಕಾಗಿ ಬಂದಿಲ್ಲ. ಜಗಳವಾದದ್ದು ಅದರಲ್ಲಿ ಬರೆಯದ ಒಂದೇ ವಿಷಯಕ್ಕೆ: ಹಾರಿ ಬಂದ ಮೇಲೆ ಟ್ಯಾಂಕ್ ತುಂಬಿಸಿ ಇಡಬೇಕೇ, ಬೇಡವೇ? ತುಂಬಿಸಿಟ್ಟರೆ ಒಳಗೆ ತೇವ ಕಟ್ಟುವುದಿಲ್ಲ ಎಂದು ಒಬ್ಬರು. ತುಂಬಿಸಿಟ್ಟರೆ ಮರುದಿನ ನಾನು ಮತ್ತು ನನ್ನ ಗೆಳೆಯ ಹಾರುವಂತಿಲ್ಲ, ಆ 165 ಕಿಲೋ ನೆನಪಿದೆಯಲ್ಲ. ಕೊನೆಗೆ 57 ಲೀಟರಿನಲ್ಲಿ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಅಳತೆಕಡ್ಡಿಯ ಮೇಲೆ ಅಲ್ಲಿಗೊಂದು ಕೆಂಪು ಗೆರೆ ಎಳೆದಿದ್ದೇವೆ. ಹಾರುವ ಮುನ್ನ ಪ್ರತಿ ಸಲವೂ ತಳದಿಂದ ಇಂಧನ ಹಿಡಿದು ನೀರಿದೆಯೇ ಎಂದು ನೋಡುವುದು ಹೇಗೂ ತಪ್ಪಿದ್ದಲ್ಲ.

ಪ್ರಶ್ನೆಗಳಿಗೆ ಸಮಯ ಸ್ವಲ್ಪವೇ ಇತ್ತು. ಕಿಟ್ ತರಿಸಿ ಕಟ್ಟಿಕೊಂಡರೆ ಅಗ್ಗವಾಗುವುದಿಲ್ಲವೇ ಎಂದು ಯುವಕರೊಬ್ಬರು ಕೇಳಿದರು. ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳೇ ಹತ್ತು ಸಾವಿರಕ್ಕೂ ಹೆಚ್ಚು ಹೀಗೆ ಕಟ್ಟಿ ಹಾರಿವೆ, ಆಗದ ಕೆಲಸವಲ್ಲ. ಆದರೆ ಸಾವಿರ ಎರಡು ಸಾವಿರ ಗಂಟೆ ರಿವೆಟ್ ಹೊಡೆಯುವುದನ್ನೇ ಇಷ್ಟಪಡುವವರಿಗೆ ಅದು. ಹಾರಬೇಕೆನ್ನುವವರು ಹಾರುವ ವಿಮಾನ ಕೊಳ್ಳಲಿ, ಕಟ್ಟಬೇಕೆನ್ನುವವರು ಕಟ್ಟಲಿ. ಬೇರೆಯವರು ಕಟ್ಟಿ ಮುಗಿಸಿದ್ದನ್ನು ಕೊಳ್ಳುವುದಾದರೆ ಕಟ್ಟಿದವರ ಮನೆಗೆ ಹೋಗಿ ಅವರ ಉಪಕರಣಗಳ ಪೆಟ್ಟಿಗೆ ಹೇಗೆ ಜೋಡಿಸಿದೆ ಎಂದು ನೋಡಿ ಬನ್ನಿ. ಅರ್ಧ ತಪಾಸಣೆ ಅಲ್ಲೇ ಮುಗಿಯುತ್ತದೆ.

ಎಷ್ಟು ದಿನ ಹುಡುಕಿದಿರಿ ಎಂದು ಇನ್ನೊಬ್ಬರು. ಎರಡು ವರ್ಷ, ಹನ್ನೊಂದು ವಿಮಾನ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರದು. "ಆ ಮಾಸಿದ ವಿಮಾನಕ್ಕೆ ಆಮೇಲೆ ಬಣ್ಣ ಹಾಕಿಸಿದಿರಾ?"

ಇಲ್ಲ. ಒಮ್ಮೆ ಅಂದಾಜು ಕೇಳಿದ್ದೆವು. ಆ ಹಣಕ್ಕೆ ಮೂವರಿಗೂ ಸೇರಿ ಒಂದೂವರೆ ವರ್ಷದ ಇಂಧನ ಬರುತ್ತಿತ್ತು. ಕೈ ಎತ್ತಿ ಮತ ಹಾಕಿದೆವು, ಮೂರಕ್ಕೆ ಸೊನ್ನೆ. ಅಲ್ಯೂಮಿನಿಯಂ ಬತ್ತಲೆ ಕಂಡ ಕಡೆ ಮಾತ್ರ ಪ್ರೈಮರ್ ಹಚ್ಚಿ ಸುಮ್ಮನಾಗಿದ್ದೇವೆ. ಬಾಲದ ಬಣ್ಣ ಈಗಲೂ ಮುಟ್ಟಿದರೆ ಸೀಮೆಸುಣ್ಣದಂತೆ ಕೈಗೆ ಹತ್ತುತ್ತದೆ. ಪ್ಯಾಂಟಿಗೆ ಒರೆಸಿಕೊಂಡು ವಿಮಾನ ಹತ್ತುತ್ತೇವೆ.